ಇತಿಹಾಸ, ವಿಜ್ಞಾನ, ಹಳೆಯ ಕಾವ್ಯ: ಓದಿನ ಟಿಪ್ಪಣಿಗೆ ಒಂದು ವಹಿಯೋ, ಮೂರೋ?

ಸೇಡಂ ಓದುಗ
ಎಲ್ಲರಿಗೂ ನಮಸ್ಕಾರ. ನಾನು ಸೇಡಂನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಪಾಠ ಹೇಳುತ್ತೇನೆ. ಓದಿದ ಪ್ರತಿಯೊಂದು ಪುಸ್ತಕಕ್ಕೂ ದಿನಾಂಕ ಹಾಕಿ ಟಿಪ್ಪಣಿ ಬರೆದಿಡುವ ರೂಢಿ ಬಹಳ ದಿನಗಳಿಂದ ಇದೆ. ಇತಿಹಾಸಕ್ಕೊಂದು, ವಿಜ್ಞಾನಕ್ಕೊಂದು, ಹಳೆಯ ಸಾಹಿತ್ಯಕ್ಕೊಂದು ಎಂದು ಮೂರು ವಹಿಗಳನ್ನು ಬೇರೆಬೇರೆಯಾಗಿ ಇಟ್ಟಿದ್ದೇನೆ. ಈಗ ಈ ವಿಂಗಡಣೆಯೇ ಓದಿಗೆ ಅಡ್ಡ ಬರುತ್ತಿದೆ.

ಸದ್ಯ ಓದುತ್ತಿರುವುದು ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಇದು ಸಂಸ್ಕೃತ ಪದ್ಯಗಳಲ್ಲಿರುವ 9ನೆಯ ಶತಮಾನದ ಗ್ರಂಥ. ಆರಂಭದಲ್ಲಿಯೇ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿ ಇದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಗುಣಾಕಾರದ ಭಾಗದಲ್ಲಿ ಕೊರಳ ಹಾರದಂತೆ ಎರಡು ಕಡೆಯಿಂದಲೂ ಒಂದೇ ರೀತಿ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾನೆ. 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ. 142857143ನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಇವನ್ನು ತರಗತಿಯಲ್ಲಿ ಕೊಟ್ಟಾಗ ಮಕ್ಕಳು ಕ್ಯಾಲ್ಕುಲೇಟರ್ ಬದಿಗಿಟ್ಟು ಕೈಯಿಂದಲೇ ಗುಣಿಸಿ ನೋಡಿದರು. ಈ ಗ್ರಂಥದ ಟಿಪ್ಪಣಿಯನ್ನು ಯಾವ ವಹಿಯಲ್ಲಿ ಬರೆಯಲಿ? ಗಣಿತವೆಂದು ವಿಜ್ಞಾನದಲ್ಲಿ ಬರೆದರೆ ರಾಷ್ಟ್ರಕೂಟರ ಕಾಲದ ಸಂಗತಿ ಅಲ್ಲಿ ಹುದುಗಿ ಹೋಗುತ್ತದೆ. ಇತಿಹಾಸದಲ್ಲಿ ಬರೆದರೆ ಗಣಿತ ಹುದುಗುತ್ತದೆ. ನೀವೆಲ್ಲ ಟಿಪ್ಪಣಿ ಹೇಗೆ ಇಡುತ್ತೀರಿ ಎಂದು ದಯವಿಟ್ಟು ತಿಳಿಸಿರಿ.

ಕಾಗಿಣಾ ದಂಡೆ
ಒಂದೇ ವಹಿ ಇಡಿರಿ ಸರ್. ಪುಟಗಳಿಗೆ ಸಂಖ್ಯೆ ಹಾಕಿ, ಕೊನೆಯ ಹತ್ತು ಹಾಳೆಗಳನ್ನು ವಿಷಯಸೂಚಿಗೆ ಬಿಟ್ಟರೆ ಸಾಕು.

ನಿವೃತ್ತ ಮಾಸ್ತರ, ಬ್ರಹ್ಮಪುರ
ನಾನು ಇದನ್ನು ಒಪ್ಪುವುದಿಲ್ಲ. ಮೂರು ವಹಿ ಇರಲೇಬೇಕು, ಅದಕ್ಕೆ ಕಾರಣವಿದೆ. ಗಣಿತದ ಮಾತನ್ನು ನಾವೇ ಮಾಡಿ ನೋಡಿ ಒಪ್ಪಬಹುದು. ನಿಮ್ಮ ಮಕ್ಕಳು ಮಾಡಿದ್ದೂ ಅದನ್ನೇ. ಇತಿಹಾಸದ ಮಾತನ್ನು ಹಾಗೆ ಮಾಡಿ ನೋಡಲು ಬರುವುದಿಲ್ಲ, ಅಲ್ಲಿ ಶಾಸನ ಬೇಕು, ಸಮಕಾಲೀನ ಬರಹ ಬೇಕು. ಕಾವ್ಯದಲ್ಲಿ ಕವಿ ಹೇಳಿದ್ದು ನಡೆಯಿತೋ ಇಲ್ಲವೋ ಎಂಬ ಪ್ರಶ್ನೆಯೇ ಮುಖ್ಯವಲ್ಲ. ಈ ಮೂರನ್ನೂ ಒಂದೇ ಪುಟದಲ್ಲಿ ಬರೆಯುವ ಅಭ್ಯಾಸವಾದರೆ ಕೆಲವು ವರ್ಷಗಳ ಮೇಲೆ ಕಾವ್ಯದ ವರ್ಣನೆಯನ್ನೇ ಇತಿಹಾಸವೆಂದು ಹೇಳತೊಡಗುತ್ತೇವೆ. ಹಾಗೆ ಹೇಳುವವರನ್ನು ನಮ್ಮ ಊರಿನ ಸಭೆಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ಬಸವಕಲ್ಯಾಣದ ಬಗ್ಗೆ ಮಾತನಾಡುವಾಗ ಶರಣರ ಕಾಲದ ವಚನವನ್ನೂ, ಆಮೇಲೆ ಬಂದ ಪುರಾಣವನ್ನೂ ಬೇರ್ಪಡಿಸುವವರು ಎಷ್ಟು ಜನರಿದ್ದಾರೆ?

ಸೇಡಂ ಓದುಗ
ಮಾಸ್ತರರೇ, ನಿಮ್ಮ ಭಯ ಸರಿಯಾದದ್ದೇ. ಆದರೆ ಮೂರು ವಹಿ ಇಟ್ಟ ಮಾತ್ರಕ್ಕೆ ಅದು ತಪ್ಪುತ್ತದೆಯೇ? ನನ್ನ ಊರಿಗೆ ಹತ್ತಿರವಿರುವ ಮಳಖೇಡವನ್ನೇ, ಅಂದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವನ್ನೇ ನೋಡಿರಿ. ಒಬ್ಬ ದೊರೆಯ ಕಾಲದಲ್ಲಿ, ಒಂದೇ ರಾಜಧಾನಿಯಲ್ಲಿ ಕವಿರಾಜಮಾರ್ಗವೂ ಗಣಿತಸಾರಸಂಗ್ರಹವೂ ಹುಟ್ಟಿದವು. ನೃಪತುಂಗನು ಬರೆದ ಅಲಂಕಾರಗ್ರಂಥವನ್ನು ಒಂದು ವಹಿಯಲ್ಲಿ, ಅವನ ಆಶ್ರಯದ ಗಣಿತವನ್ನು ಇನ್ನೊಂದರಲ್ಲಿ ಇಟ್ಟರೆ ಅವೆರಡೂ ಮತ್ತೆ ಭೇಟಿಯಾಗುವುದೇ ಇಲ್ಲ.

ಹಳಗನ್ನಡ ವಿದ್ಯಾರ್ಥಿನಿ
ಸರ್, ಎರಡು ತಿದ್ದುಪಡಿಗಳಿವೆ. ಕವಿರಾಜಮಾರ್ಗವನ್ನು ಬರೆದವನು ಶ್ರೀವಿಜಯ. 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಪ್ರಕಟಿಸಿದಾಗ ನೃಪತುಂಗನ ಹೆಸರಿನಲ್ಲಿಯೇ ಬಂದಿತು, ಆ ಮಾತು ಪಠ್ಯಪುಸ್ತಕಗಳಲ್ಲಿ ಬಹುಕಾಲ ಉಳಿಯಿತು. ಆದರೆ ಗ್ರಂಥದಲ್ಲಿ ಬರುವುದು "ನೃಪತುಂಗದೇವಾನುಮತ" ಎಂಬ ಮಾತು. ದೊರೆ ಒಪ್ಪಿದ ಮತವನ್ನು ಇನ್ನೊಬ್ಬನು ಬರೆದಿದ್ದಾನೆ ಎಂದು ಅದರಿಂದ ತಿಳಿಯುತ್ತದೆ.

ಎರಡನೆಯದು, ಮಹಾವೀರಾಚಾರ್ಯನು ಅಮೋಘವರ್ಷನನ್ನು ಸ್ತುತಿಸಿದ್ದಾನೆ ಎಂಬುದು ನಿಜ. ಅಷ್ಟರಿಂದಲೇ ಅವನು ಮಳಖೇಡದಲ್ಲಿ ಕುಳಿತು ಬರೆದನೆಂದು ಹೇಳಲಾಗದು. ರಾಷ್ಟ್ರಕೂಟ ರಾಜ್ಯ ಬಹಳ ದೊಡ್ಡದಾಗಿತ್ತು, ದೊರೆಯನ್ನು ಹೊಗಳಲು ರಾಜಧಾನಿಯಲ್ಲಿಯೇ ಇರಬೇಕೆಂದಿಲ್ಲ.

ಸೇಡಂ ಓದುಗ
ಶ್ರೀವಿಜಯನ ಹೆಸರನ್ನೇ ಬರೆಯುತ್ತೇನೆ. ಆದರೂ ಅಕ್ಕಾವರೇ, ಒಂದೇ ಕಾಲ, ಒಂದೇ ಆಶ್ರಯ ಎಂಬಷ್ಟಂತೂ ಉಳಿಯಿತಲ್ಲ. ನನ್ನ ವಾದಕ್ಕೆ ಅಷ್ಟು ಸಾಕು.

ಕಾಗಿಣಾ ದಂಡೆ
ಸಾಲದು ಸರ್. ಮಳಖೇಡದ ಹೆಸರು ಕೇಳಿದ ಕೂಡಲೇ ಎಲ್ಲವನ್ನೂ ಅಲ್ಲಿಗೆ ತಂದು ಇಳಿಸುವುದು ನಮ್ಮ ಭಾಗದವರ ಅಭಿಮಾನ. ಅಭಿಮಾನ ಇರಲಿ, ಟಿಪ್ಪಣಿಯಲ್ಲಿ ಅದು ಬೇಡ.

ಬೀದರ ಕೋಟೆ ರಸ್ತೆ
ನಾನು ವಿಷಯದ ಪ್ರಕಾರ ಇಡದೆ ಊರಿನ ಪ್ರಕಾರ ಇಡುತ್ತೇನೆ. ನಮ್ಮ ಬೀದರಿನ ಮಟ್ಟಿಗೆ ಅದು ಬಹಳ ಉಪಯೋಗಕ್ಕೆ ಬಂದಿದೆ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ ಗವಾನನ ಕಾಲದ ಬೀದರಿನ ಬಗ್ಗೆ ಓದಲು ಹೊರಟರೆ ಮೂವರು ಸಾಕ್ಷಿಗಳು ಸಿಗುತ್ತಾರೆ. ಒಬ್ಬನು ಗವಾನನೇ, ಪಾರಸಿಯಲ್ಲಿ ಅವನು ಬರೆದ ಪತ್ರಗಳ ಸಂಗ್ರಹ ರಿಯಾಜುಲ್ ಇನ್ಶಾ ಉಳಿದು ಬಂದಿದೆ. ಇನ್ನೊಬ್ಬನು ಅಫಾನಾಸಿ ನಿಕಿತಿನ್, ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ. ಮಾರಾಟಕ್ಕೆಂದು ಒಂದು ಕುದುರೆಯನ್ನು ತಂದಿದ್ದನು, ಅದು ಬೀದರಿನಲ್ಲಿಯೇ ಮಾರಾಟವಾಯಿತು. ಮೂರನೆಯವನು ಇತಿಹಾಸಕಾರ ಫೆರಿಷ್ತಾ, ಅವನು ಬರೆದದ್ದು 17ನೆಯ ಶತಮಾನದ ಆರಂಭದಲ್ಲಿ, ಬಿಜಾಪುರದಲ್ಲಿ. ಗವಾನನನ್ನು ಕೊಂದದ್ದು 1481ರಲ್ಲಿ. ಅಂದರೆ ಫೆರಿಷ್ತಾ ಬರೆಯುವ ಹೊತ್ತಿಗೆ ನೂರು ವರ್ಷಗಳ ಮೇಲಾಗಿತ್ತು.

ಈ ಮೂವರನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಬರೆದಾಗಲೇ ಬೀದರು ಕಾಣಿಸುತ್ತದೆ. ನಿಕಿತಿನ್ ಗವಾನನನ್ನು ಮೆಲಿಕ್ ತುಚಾರ್ ಎನ್ನುತ್ತಾನೆ. ಅದು ಗವಾನನಿಗೆ ಇದ್ದ ಮಲಿಕುತ್ತುಜ್ಜಾರ್ ಎಂಬ ಬಿರುದು. ಅಮೀರರ ವೈಭವವನ್ನು ವರ್ಣಿಸುವ ಅದೇ ನಿಕಿತಿನ್, ಹಳ್ಳಿಯ ಜನ ಕಡುಬಡವರು ಎಂದು ಬರೆಯುತ್ತಾನೆ. ಗವಾನನು ಕಟ್ಟಿಸಿದ ಮದರಸಾದ ಮುಂದೆ ನಿಂತು ಉಳಿದಿರುವ ಮಿನಾರಿನ ಹಂಚುಗಳ ನೀಲಿ ಬಣ್ಣವನ್ನು ನೋಡುವಾಗ ಆ ಸಾಲು ನನಗೆ ಪ್ರತಿ ಸಲ ನೆನಪಾಗುತ್ತದೆ.

ನಿವೃತ್ತ ಮಾಸ್ತರ, ಬ್ರಹ್ಮಪುರ
ಇದು ಒಳ್ಳೆಯ ಉದಾಹರಣೆ, ಆದರೆ ಮೂವರೂ ಇತಿಹಾಸದ ಸಾಕ್ಷಿಗಳೇ. ನಾನು ಕೇಳುತ್ತಿರುವುದು ಬೇರೆ. ಪಂಪನನ್ನು ಎಲ್ಲಿ ಇಡುತ್ತೀರಿ?

ಹಳಗನ್ನಡ ವಿದ್ಯಾರ್ಥಿನಿ
ಮಾಸ್ತರರೇ, ಪಂಪನೇ ನಿಮ್ಮ ವಾದಕ್ಕೆ ದೊಡ್ಡ ತೊಡಕು. ವಿಕ್ರಮಾರ್ಜುನವಿಜಯ ಹೊರಬಂದದ್ದು 941ರ ಸುಮಾರಿಗೆ. ಅದರಲ್ಲಿ ಅರ್ಜುನನಿಗೂ ವೇಮುಲವಾಡದ ಅರಿಕೇಸರಿಗೂ ಭೇದವಿಲ್ಲದಂತೆ ಕಥೆ ಸಾಗುತ್ತದೆ. ಆ ಅರಿಕೇಸರಿ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತ. ಮಾನ್ಯಖೇಟದ ದೊರೆ ಗೋವಿಂದನನ್ನು ಎದುರಿಸಿ ಬದ್ದೆಗನಿಗೆ ಪಟ್ಟ ಬರುವಂತೆ ಮಾಡಿದ್ದರಲ್ಲಿ ಅರಿಕೇಸರಿಯ ಪಾತ್ರವಿತ್ತೆಂಬ ಸಂಗತಿಯನ್ನು ಕಾವ್ಯವೇ ಹೇಳುತ್ತದೆ, ಇತಿಹಾಸಕಾರರೂ ಅದನ್ನು ಆಧಾರವಾಗಿ ಬಳಸುತ್ತಾರೆ. ಕಾವ್ಯದ ವಹಿಯಲ್ಲಿ ಪಂಪನನ್ನು ಮುಚ್ಚಿಟ್ಟರೆ ನಮ್ಮ ಜಿಲ್ಲೆಯ ಇತಿಹಾಸದ ಒಂದು ತುಂಡೇ ಕಾಣೆಯಾಗುತ್ತದೆ.

ಆಳಂದ ರಸ್ತೆ
ಪಂಪನನ್ನು ಓದಿ ಯಾರು ಸಾಮಂತ, ಯಾರು ದೊರೆ ಎಂದು ಪಟ್ಟಿ ಮಾಡುವುದು ನನಗೆ ಸರಿಯೆನಿಸುವುದಿಲ್ಲ. ಕರ್ಣನ ಭಾಗವನ್ನು ಓದಿದ ರಾತ್ರಿ ಟಿಪ್ಪಣಿ ಬರೆಯಬಾರದು, ಸುಮ್ಮನೆ ಮತ್ತೊಮ್ಮೆ ಗಟ್ಟಿಯಾಗಿ ಓದಬೇಕು. ನಾನು ಕಾವ್ಯಕ್ಕೆ ಟಿಪ್ಪಣಿ ಇಡುವುದಿಲ್ಲ, ಬಾಯಿಪಾಠ ಮಾಡುತ್ತೇನೆ.

ಹಳಗನ್ನಡ ವಿದ್ಯಾರ್ಥಿನಿ
ಬಾಯಿಪಾಠವನ್ನು ನಾನೂ ಮಾಡುತ್ತೇನೆ ಅಣ್ಣಾ. ಒಂದು ಇನ್ನೊಂದನ್ನು ತಡೆಯುವುದಿಲ್ಲ.

ಕಾಗಿಣಾ ದಂಡೆ
ಮಳಖೇಡದ ಮಾತು ಬಂದದ್ದಕ್ಕೆ ನನಗೆ ಅತ್ಯಂತ ಇಷ್ಟವಾದ ಒಂದು ಸಂಗತಿಯನ್ನು ಹೇಳಬೇಕು. ಮಾಳವದ ಪರಮಾರ ದೊರೆ ಸೀಯಕನು ಮಾನ್ಯಖೇಟವನ್ನು ಲೂಟಿ ಮಾಡಿದ ವರ್ಷ ನಮಗೆ ತಿಳಿದಿರುವುದರಲ್ಲಿ ಒಂದು ನಿಘಂಟಿನ ಪಾಲು ದೊಡ್ಡದು. ಧನಪಾಲನೆಂಬ ಕವಿ ಧಾರಾನಗರದಲ್ಲಿ ತನ್ನ ತಂಗಿ ಸುಂದರಿಗಾಗಿ ಪಾಇಯಲಚ್ಛಿ ಎಂಬ ಪ್ರಾಕೃತ ಕೋಶವನ್ನು ರಚಿಸಿದನು. ಮಾಳವದವರು ಮಾನ್ಯಖೇಟವನ್ನು ಲೂಟಿ ಮಾಡಿದ ವರ್ಷದಲ್ಲಿ ಇದನ್ನು ಬರೆದೆನೆಂದು ಕೊನೆಯಲ್ಲಿ ಹೇಳಿ, ಆ ವರ್ಷವನ್ನೂ ಕೊಟ್ಟಿದ್ದಾನೆ. ಅದು ಕ್ರಿ.ಶ. 972ಕ್ಕೆ ಸರಿಹೊಂದುತ್ತದೆ. ಅತ್ತ ಲೂಟಿಗೊಳಗಾದ ಊರಿನಲ್ಲಿ ಪುಷ್ಪದಂತನೆಂಬ ಅಪಭ್ರಂಶ ಕವಿ ಇದ್ದನು, ಅವನು ಮಾನ್ಯಖೇಟದ ದುರವಸ್ಥೆಗೆ ಮರುಗಿದ ಪದ್ಯವೂ ಇದೆ.

ತಂಗಿಯ ಪಾಠಕ್ಕೆಂದು ಮಾಡಿದ ಪದಗಳ ಪಟ್ಟಿಯೊಂದು ಒಂದು ರಾಜಧಾನಿಯ ಪತನದ ವರ್ಷವನ್ನು ಕಾಯ್ದುಕೊಂಡು ಬಂದಿದೆ. ಮಾಸ್ತರರೇ, ಇದನ್ನು ನೀವು ಯಾವ ವಹಿಯಲ್ಲಿ ಬರೆಯುತ್ತೀರಿ?

ನಿವೃತ್ತ ಮಾಸ್ತರ, ಬ್ರಹ್ಮಪುರ
ಇತಿಹಾಸದಲ್ಲಿಯೇ ಬರೆಯುತ್ತೇನೆ. ಸಾಕ್ಷಿ ಎಲ್ಲಿಂದ ಬಂದರೂ ಅದು ಏನನ್ನು ಸಾಧಿಸುತ್ತದೆ ಎಂಬುದೇ ವಹಿಯನ್ನು ನಿರ್ಧರಿಸಬೇಕು. ನಿಘಂಟಿನ ಒಳಗಿನ ಪದಗಳು ಬೇಕಾದರೆ ಸಾಹಿತ್ಯದ ವಹಿಗೆ ಹೋಗಲಿ.

ಯಾದಗಿರಿ ಸ್ಟೇಷನ್ ಏರಿಯಾ
ವಿಜ್ಞಾನದ ಕಡೆಯಿಂದ ಒಂದು ಮಾತು. ಚಾರ್ಲ್ಸ್ ಡಾರ್ವಿನ್ ಓದಿದ ಪುಸ್ತಕಗಳ ಪಟ್ಟಿಯನ್ನು 1838ರಿಂದ 1860ರವರೆಗೆ ಇಟ್ಟಿದ್ದನು. ಓದಬೇಕಾದವುಗಳದ್ದು ಬೇರೆ ಪಟ್ಟಿ, ಓದಿ ಮುಗಿಸಿದವುಗಳದ್ದು ಬೇರೆ. ಇದಲ್ಲದೆ ಆಲೋಚನೆಗಳನ್ನು ಬರೆದಿಡುವ ನೋಟ್‌ಬುಕ್‌ಗಳಿದ್ದವು. ಮುಪ್ಪಿನಲ್ಲಿ, 1876ರಲ್ಲಿ ಆತ್ಮಕಥನ ಬರೆಯುವಾಗ, ಜನಸಂಖ್ಯೆಯ ಬಗೆಗಿನ ಮಾಲ್ಥಸನ ಗ್ರಂಥವನ್ನು 1838ರ ಅಕ್ಟೋಬರ್‌ನಲ್ಲಿ ಮನರಂಜನೆಗೆಂದು ಓದಿದೆನೆಂದು ಬರೆದನು. ಆದರೆ ನೋಟ್‌ಬುಕ್ ತೆರೆದರೆ ಮಾಲ್ಥಸನ ಮೇಲಿನ ಟಿಪ್ಪಣಿ ಸೆಪ್ಟೆಂಬರ್ 28ರ ದಿನಾಂಕದಲ್ಲಿಯೇ ಇದೆ. ಬರೆದಿಟ್ಟ ದಿನಾಂಕವಿದ್ದುದರಿಂದಲೇ ನೈಸರ್ಗಿಕ ಆಯ್ಕೆಯ ಸಿದ್ಧಾಂತ ಯಾವ ವಾರದಲ್ಲಿ ಮೊಳೆಯಿತೆಂದು ಇಂದು ಹೇಳಲು ಬರುತ್ತದೆ.

ಇನ್ನೊಂದು ಗಮನಿಸಬೇಕು. ಮಾಲ್ಥಸ್ ಜೀವವಿಜ್ಞಾನಿಯಲ್ಲ, ಅವನು ಬರೆದದ್ದು ಮನುಷ್ಯರ ಸಂಖ್ಯೆ ಮತ್ತು ಆಹಾರದ ಬಗ್ಗೆ. ಡಾರ್ವಿನ್ ತನ್ನ ಓದನ್ನು ವಿಷಯದ ಗೋಡೆ ಕಟ್ಟಿ ಇಟ್ಟಿದ್ದರೆ ಆ ಪುಸ್ತಕ ಅವನ ಪ್ರಾಣಿಗಳ ಲೆಕ್ಕಕ್ಕೆ ಬರುತ್ತಿತ್ತೇ? ಆದ್ದರಿಂದ ನನ್ನ ಮತ ಒಂದೇ ವಹಿಗೆ, ಆದರೆ ದಿನಾಂಕ ತಪ್ಪಬಾರದು.

ಆಳಂದ ರಸ್ತೆ
ಈ ದಿನಾಂಕದ ಸಂಗತಿ ನನಗೆ ಹೊಸದು, ಬಹಳ ಸಂತೋಷವಾಯಿತು. ಗೆಲಿಲಿಯೋ ಕೂಡ 1610ರ ಜನವರಿ 7ರಿಂದ ಗುರುಗ್ರಹದ ಪಕ್ಕದ ಚುಕ್ಕೆಗಳನ್ನು ರಾತ್ರಿ ರಾತ್ರಿ ಗುರುತಿಸಿಟ್ಟದ್ದರಿಂದಲೇ ಅವು ನಕ್ಷತ್ರಗಳಲ್ಲ, ಗುರುವಿನ ಸುತ್ತ ತಿರುಗುವ ಚಂದ್ರರು ಎಂಬುದು ಗೊತ್ತಾಯಿತು.

ಸುರಪುರ ಸಂಸ್ಥಾನ
ನನ್ನ ಕಷ್ಟ ಬೇರೆ ರೀತಿಯದು. ನಮ್ಮ ಸುರಪುರದ ಬಗ್ಗೆ ಓದಲು ಕೂತರೆ ಮೊದಲು ಕೈಗೆ ಬರುವುದು ಮೆಡೋಸ್ ಟೇಲರನ ಆತ್ಮಕಥೆ. ಅದು ಅವನು ತೀರಿಕೊಂಡ ಮೇಲೆ 1877ರಲ್ಲಿ ಹೊರಬಂದಿತು. ರಾಜಾ ವೆಂಕಟಪ್ಪ ನಾಯಕರು ಟೇಲರನನ್ನು ಅಪ್ಪಾ ಎಂದು ಕರೆಯುತ್ತಿದ್ದುದು, ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾವಿದೆ ಎಂಬ ಜಾತಕದ ಕಥೆ, 1858ರಲ್ಲಿ ರಾಜರು ತೀರಿಕೊಂಡ ದುರಂತ ಎಲ್ಲವೂ ಅದರಲ್ಲಿ ಬರುತ್ತವೆ. ಓದುವಾಗ ಕಣ್ಣು ತೇವವಾಗುತ್ತದೆ. ಆದರೆ ಹೇಳುತ್ತಿರುವವನು ಸಂಸ್ಥಾನದ ಆಡಳಿತ ನಡೆಸಿದ ಅಧಿಕಾರಿ, ಮೇಲಾಗಿ ಕಾದಂಬರಿಕಾರ. ಇಂಥ ಪುಸ್ತಕಕ್ಕೆ ಯಾವ ರೀತಿ ಟಿಪ್ಪಣಿ ಬರೆಯಬೇಕು?

ಬೀದರ ಕೋಟೆ ರಸ್ತೆ
ಎರಡು ಸಾಲು ಹೆಚ್ಚಿಗೆ ಬರೆಯಿರಿ ಅಕ್ಕಾ. ಒಂದರಲ್ಲಿ ಹೇಳಿದವನು ಯಾರು, ಎಷ್ಟು ವರ್ಷದ ಮೇಲೆ ಹೇಳಿದನು ಎಂದು ಬರಲಿ. ಇನ್ನೊಂದರಲ್ಲಿ ಅವನಿಗೆ ಅದು ಹೇಗೆ ತಿಳಿಯಿತು ಎಂದು ಬರಲಿ. ಕಣ್ಣಾರೆ ಕಂಡನೋ, ಕೇಳಿದನೋ, ಕಾಗದ ಓದಿದನೋ. ನಾನು ಪ್ರತಿಯೊಂದು ಪುಸ್ತಕಕ್ಕೂ ಹೀಗೆಯೇ ಮಾಡುತ್ತೇನೆ.

ನಿವೃತ್ತ ಮಾಸ್ತರ, ಬ್ರಹ್ಮಪುರ
ಇದು ನಾನು ಹೇಳುವುದಕ್ಕೆ ಹತ್ತಿರ ಬಂತು. ಆ ಎರಡು ಸಾಲು ತಪ್ಪದೆ ಬರುವುದಾದರೆ ವಹಿ ಎಷ್ಟಿದ್ದರೂ ನನಗೆ ತಕರಾರಿಲ್ಲ. ತಪ್ಪದೆ ಬರುತ್ತದೆ ಎಂಬುದರ ಮೇಲೆ ಮಾತ್ರ ನನಗೆ ಇನ್ನೂ ನಂಬಿಕೆಯಿಲ್ಲ.

ಹುಣಸಗಿ ಕಡೆಯವ
ಸುರಪುರದವರಿಗೆ ಹೇಳುವುದೇನೆಂದರೆ, ಟೇಲರನು ಕಾದಂಬರಿಕಾರನಷ್ಟೇ ಅಲ್ಲ. ನಮ್ಮ ಕಡೆಯ ರಾಜನಕೋಳೂರು, ಜೇವರ್ಗಿಗಳ ಬೃಹತ್ ಶಿಲಾ ಸಮಾಧಿಗಳನ್ನು ಅಗೆದು ನೋಡಿ ಬರೆದವನೂ ಅವನೇ. ಅಲ್ಲಿ ಅವನು ಕಂಡದ್ದನ್ನು ಅಳತೆಯೊಂದಿಗೆ ಬರೆಯುತ್ತಾನೆ. ಒಬ್ಬನೇ ಬರಹಗಾರ, ಎರಡು ಬಗೆಯ ಸಾಕ್ಷಿ.

ನಮ್ಮ ಊರಿನ ಓದಿನಲ್ಲಿ ಇತಿಹಾಸ ಎಲ್ಲಿ ಮುಗಿಯುತ್ತದೆ, ವಿಜ್ಞಾನ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದಕ್ಕೇ ಬರುವುದಿಲ್ಲ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಉತ್ಖನನ ನಡೆಸಿದರು. ಸುಣ್ಣಕಲ್ಲಿನ ಹಾಸನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗ ಅದು. ಒಡೆದ ಚಕ್ಕೆ, ಅರ್ಧ ಮಾಡಿ ಬಿಟ್ಟ ಕೊಡಲಿ, ಒಡೆಯಲು ಬಳಸಿದ ಗುಂಡು ಎಲ್ಲವೂ ಅಲ್ಲಲ್ಲಿಯೇ ಸಿಕ್ಕಿವೆ. ಕಾಲವನ್ನು ಹೇಳಲು ಶಾಸನವಿಲ್ಲ, ನಾಣ್ಯವಿಲ್ಲ. ಅಲ್ಲಿ ದೊರೆತ ಪ್ರಾಣಿಗಳ ಹಲ್ಲಿನ ಎನಾಮಲ್ ಇದೆ. ಮಣ್ಣಿನ ಸಹಜ ವಿಕಿರಣದಿಂದ ಎನಾಮಲ್‌ನ ಹರಳುಗಳಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಕೊಳ್ಳುತ್ತ ಹೋಗುತ್ತವೆ, ಎಷ್ಟು ಸಿಕ್ಕಿಕೊಂಡಿವೆ ಎಂದು ಅಳೆದರೆ ವಯಸ್ಸು ಹೊರಡುತ್ತದೆ. ಬಂದ ಉತ್ತರ ಸುಮಾರು 12 ಲಕ್ಷ ವರ್ಷ. ಇದನ್ನು ಓದಿದ ಮೇಲೆ ಹೊಲದ ಬದುವಿನಲ್ಲಿ ಚಕ್ಕೆಯಂಥ ಕಲ್ಲು ಕಂಡರೂ ನಾನು ನಿಂತು ನೋಡುತ್ತೇನೆ. ದಯವಿಟ್ಟು ಯಾರೂ ಅಂಥ ಕಲ್ಲುಗಳನ್ನು ಆರಿಸಿ ಮನೆಗೆ ಒಯ್ಯಬೇಡಿರಿ. ಕಲ್ಲು ಬಿದ್ದಿರುವ ಜಾಗವೂ ಸಾಕ್ಷಿಯ ಭಾಗ.

ಶಹಾಬಾದ ಕ್ವಾರಿ
ಆ ಸುಣ್ಣಕಲ್ಲಿಗೂ ನಮ್ಮ ಶಹಾಬಾದಿನ ಫರಸಿಗೂ ಸಂಬಂಧ ಉಂಟು, ಎರಡೂ ಭೀಮಾ ಕಣಿವೆಯ ಹಳೆಯ ಪದರುಗಳೇ. ಮನೆಯ ನೆಲಕ್ಕೆ ಹಾಕಿದ ಕಲ್ಲಿನ ಬಗ್ಗೆ ಓದಬೇಕೆಂದು ನನಗೆ ಎಷ್ಟೋ ದಿನದಿಂದ ಆಸೆಯಿದೆ. ಕನ್ನಡದಲ್ಲಿ ಓದುವಂಥದ್ದು ಇದ್ದರೆ ಯಾರಾದರೂ ಹೇಳಿರಿ.

ಬಿದರಿ ಮನೆ
ಇದೇ ಆಸೆ ನಮಗೂ ಇದೆ. ನಮ್ಮ ಮನೆಯಲ್ಲಿ ಬಿದರಿ ಕೆಲಸ ನಡೆಯುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತೇವೆ, ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ಉಳಿಯಿಂದ ಚಿತ್ರ ಕೊರೆಯುತ್ತೇವೆ, ಬೆಳ್ಳಿಯ ತಂತಿ ಕೂಡಿಸುತ್ತೇವೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರವೆಂಬ ಉಪ್ಪಿನೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿದರೆ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಏಕೆ ಹಾಗೆ ಉಳಿಯುತ್ತದೆ ಎಂಬುದನ್ನು ತಿಳಿಯಲು ನಾನು ರಸಾಯನಶಾಸ್ತ್ರದ ಪುಸ್ತಕ ಹಿಡಿದವನು. ನನ್ನ ವಹಿಯಲ್ಲಿ ಬಹಮನಿ ಸುಲ್ತಾನರೂ ಸತುವೂ ಒಂದೇ ಪುಟದಲ್ಲಿದ್ದಾರೆ. ಬೇರೆ ಮಾಡಲು ನನಗೆ ಮನಸ್ಸಿಲ್ಲ.

ಯಾದಗಿರಿ ಸ್ಟೇಷನ್ ಏರಿಯಾ
ಇವರ ವಹಿಯನ್ನು ಓದಬೇಕೆಂದು ಆಸೆಯಾಗುತ್ತಿದೆ. ಒಂದು ಪುಟದ ಫೋಟೊ ಹಾಕಿರಿ ಅಣ್ಣಾ.

ಹಳೇ ಗುಲಬರ್ಗಾ
ನಮ್ಮ ಕಾಲದವರ ಓದಿನ ಬಗ್ಗೆಯೂ ಒಂದು ಮಾತು ಸೇರಲಿ. ನಮ್ಮ ತಂದೆಯವರು ನಿಜಾಮ ಆಡಳಿತದಲ್ಲಿ ಓದಿದವರು. ಹೈದರಾಬಾದಿನಲ್ಲಿ 1917ರಲ್ಲಿ ಅನುವಾದ ವಿಭಾಗ ಸ್ಥಾಪನೆಯಾಗಿ, ಮರುವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಆರಂಭವಾಯಿತು. ಗಣಿತ, ಭೌತಶಾಸ್ತ್ರ, ಇತಿಹಾಸ ಎಲ್ಲವೂ ಉರ್ದುವಿಗೆ ಬಂದವು. ನಮ್ಮ ತಂದೆಯವರು ರೇಖಾಗಣಿತವನ್ನು ಉರ್ದುವಿನಲ್ಲಿ ಕಲಿತರು, ವಚನಗಳನ್ನು ಮನೆಯಲ್ಲಿ ಕನ್ನಡದಲ್ಲಿ ಕಲಿತರು. ಅವರು ಬಿಟ್ಟುಹೋದ ವಹಿಯಲ್ಲಿ ಬಲಗಡೆಯಿಂದ ಉರ್ದು ಟಿಪ್ಪಣಿ ಶುರುವಾಗುತ್ತದೆ, ಎಡಗಡೆಯಿಂದ ಕನ್ನಡ ಶುರುವಾಗುತ್ತದೆ. ನನಗೆ ಉರ್ದು ಬರುತ್ತದೆ, ಮಕ್ಕಳಿಗೆ ಬರುವುದಿಲ್ಲ. ಆದ್ದರಿಂದ ಅವರ ವಿಜ್ಞಾನದ ಟಿಪ್ಪಣಿಗಳನ್ನು ನಾನೇ ಕನ್ನಡಕ್ಕೆ ಬರೆದಿಡುತ್ತಿದ್ದೇನೆ. 1956ರ ನಂತರ ಕನ್ನಡದಲ್ಲಿ ಓದಿದ ತಲೆಮಾರಿಗೆ ಅದರ ಹಿಂದಿನವರು ಏನು ಓದಿದರು ಎಂಬುದು ಕಾಣದೆ ಹೋಗಿದೆ. ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇಂಥ ವಹಿಗಳಿದ್ದರೆ ರದ್ದಿಗೆ ಹಾಕಬೇಡಿರಿ.

ಬೀದರ ಕೋಟೆ ರಸ್ತೆ
ಕಾಕಾ, ನಮ್ಮ ಮನೆಯಲ್ಲಿಯೂ ಇದೆ. ಓದಿ ಹೇಳಲು ನಿಮ್ಮ ಹತ್ತಿರ ಬರುತ್ತೇನೆ.

ಆಳಂದ ರಸ್ತೆ
ಫೋನಿನಲ್ಲಿ ಬರೆದರೆ ಹುಡುಕುವುದು ಸುಲಭವಲ್ಲವೇ? ವಹಿಯೇ ಏಕೆ ಬೇಕು?

ಕಾಗಿಣಾ ದಂಡೆ
ಹುಡುಕುವುದಕ್ಕೆ ಫೋನ್ ಒಳ್ಳೆಯದು. ಹಾರದ ಗುಣಾಕಾರವನ್ನು, ಸಮಾಧಿಯ ನಕ್ಷೆಯನ್ನು ಬರೆದುಕೊಳ್ಳುವುದಕ್ಕೆ ಕಾಗದವೇ ಬೇಕು. ಕಾಕಾ ಅವರ ತಂದೆಯವರ ವಹಿ ಇವತ್ತಿಗೂ ತೆರೆಯುತ್ತದೆ ಎಂಬುದನ್ನೂ ನೋಡಿರಿ.

ಸೇಡಂ ಓದುಗ
ಇಷ್ಟು ಜನ ಬರೆದದ್ದಕ್ಕೆ ಮನಸ್ಸು ತುಂಬಿತು. ಒಂದೇ ವಹಿ ಮಾಡುತ್ತೇನೆ. ಮಾಸ್ತರರ ಮಾತನ್ನೂ ಬಿಡದೆ, ಅಂಚಿನಲ್ಲಿ ಗೆರೆ ಎಳೆದು ಸಾಕ್ಷಿಯ ಬಗೆಯನ್ನು ಬರೆಯುತ್ತೇನೆ. ಮೊದಲ ಪುಟ ಹೀಗಿದೆ, ನೋಡಿ ಹೇಳಿರಿ:

"ಮಾನ್ಯಖೇಟದ ಲೂಟಿ, ಕ್ರಿ.ಶ. 972. ಹೇಳಿದವನು: ಧನಪಾಲ, ಧಾರಾನಗರ, ಅದೇ ವರ್ಷ. ತಿಳಿದದ್ದು: ಲೂಟಿ ಮಾಡಿದವರ ಊರಿನಲ್ಲಿಯೇ ಇದ್ದನು. ಜೊತೆಗೆ ನೋಡಬೇಕಾದದ್ದು: ಪುಷ್ಪದಂತ, ಲೂಟಿಯಾದ ಊರಿನವನು. ಪಂಪನ ಪುಟವನ್ನೂ ನೋಡಿ."

ನಿವೃತ್ತ ಮಾಸ್ತರ, ಬ್ರಹ್ಮಪುರ
ಪುಟ ಚೆನ್ನಾಗಿದೆ, ಒಂದು ಕೊರತೆಯಿದೆ. ಧನಪಾಲನು 972 ಎಂದು ಬರೆಯಲಿಲ್ಲ, ವಿಕ್ರಮ ಸಂವತ್ 1029 ಎಂದು ಬರೆದನು. ಆ ಸಂವತ್ಸರ ನಮ್ಮ ಎಣಿಕೆಯಲ್ಲಿ 972ರಿಂದ 973ರೊಳಗೆ ಚಾಚುತ್ತದೆ. ಮೂಲದ ವರ್ಷವನ್ನು ಮೊದಲು ಬರೆದು, ನಮ್ಮ ಲೆಕ್ಕವನ್ನು ಅದರ ಕೆಳಗೆ ಬರೆಯಿರಿ.

ಸೇಡಂ ಓದುಗ
ಹಾಗೆಯೇ ಬರೆದೆ ಮಾಸ್ತರರೇ. ಸನ್ನತಿಯ ಅಶೋಕನ ಶಾಸನ ಮತ್ತು ಕನಗನಹಳ್ಳಿಯ ಸ್ತೂಪದ ಬಗ್ಗೆ ಮುಂದಿನ ಪುಟ ಬರೆಯುತ್ತಿದ್ದೇನೆ. ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಶಾಸನವಿರುವುದು 1986ರಲ್ಲಿ ಗುಡಿಯ ಚಾವಣಿ ಕುಸಿದಾಗ ತಿಳಿಯಿತಲ್ಲ, ಆ ಕಲ್ಲನ್ನು ಹತ್ತಿರದಿಂದ ನೋಡಿದವರು ಇದ್ದರೆ ಅದರಲ್ಲಿ ಕೊರೆದ ರಂಧ್ರದಿಂದ ಎಷ್ಟು ಅಕ್ಷರಗಳು ಹೋಗಿವೆ ಎಂದು ತಿಳಿಸಿರಿ.